ಮಾದಕ ವ್ಯಸನ: ಸಂಶೋಧನೆಗೆ ದಾರಿ ತೋರಿದವರು ಯಾರು?

(ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆಯ ಕುಟುಂಬಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಮಾನ್ಯರೇ, ಚಿತ್ರದುರ್ಗದ ಮೊಹಲ್ಲಾಗಳವರೊಂದಿಗೆ ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆಗಳಿಂದಲೂ ಇಷ್ಟೊಂದು ಕುಟುಂಬಗಳು ಇಲ್ಲಿ ನೆರೆದಿವೆ. ತಾಯಂದಿರ ಸಂಖ್ಯೆಯೇ ಹೆಚ್ಚಾಗಿರುವುದನ್ನು ಕಂಡರೆ ಈ ವಿಷಯದ ಬಿಸಿ ಮೊದಲು ಯಾರಿಗೆ ತಟ್ಟಿದೆ ಎಂಬುದನ್ನು ವಿವರಿಸಬೇಕಾಗಿಲ್ಲ. ಮಾದಕ ವ್ಯಸನದ ಕುರಿತು ಮಾತನಾಡಬೇಕೆಂದು ನಮಗೆ ಸೂಚಿಸಲಾಗಿದೆ. ಇಂತಹ ಭಾಷಣಗಳು ಹೇಗಿರುತ್ತವೆ ಎಂಬುದು ನಮ್ಮೆಲ್ಲರಿಗೂ ಗೊತ್ತಿದೆ. ಗಾಂಜಾದಿಂದ ಏನಾಗುತ್ತದೆ, ಮಾತ್ರೆಗಳಿಂದ ಏನಾಗುತ್ತದೆ, ಮದ್ಯದಿಂದ ಎಷ್ಟು ಮನೆಗಳು ಒಡೆದಿವೆ ಎಂದು ಭಾಷಣಕಾರರು ಪಟ್ಟಿ ಕೊಡುತ್ತಾರೆ. ಸಭಿಕರು ತಲೆಯಾಡಿಸುತ್ತಾರೆ. ಮಗ ವ್ಯಸನಕ್ಕೆ ಸಿಲುಕಿರುವ ತಾಯಿ ಮಾತ್ರ ತಲೆ ತಗ್ಗಿಸಿ ಮನೆಗೆ ಮರಳುತ್ತಾಳೆ. ಆ ಪಟ್ಟಿಯಲ್ಲಿ ಅವಳಿಗೆ ಗೊತ್ತಿಲ್ಲದ ಒಂದಂಶವೂ ಇರುವುದಿಲ್ಲ.

ಆದ್ದರಿಂದ ಇಂದು ನಾವು ಬೇರೊಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇವೆ. ಈ ರೋಗದ ಬಗ್ಗೆ ವೈದ್ಯಲೋಕಕ್ಕೆ ಇಂದು ತಿಳಿದಿರುವುದು ಹೇಗೆ ತಿಳಿಯಿತು? ಅದರಲ್ಲಿ ರೋಗಿಗಳ ಪಾಲೇನು? ವ್ಯಸನಕ್ಕೆ ಸಿಲುಕಿದವರೇ ಸಂಘಟಿತರಾಗಿ, ನಮ್ಮ ಬಗ್ಗೆ ಅಧ್ಯಯನ ನಡೆಸುವಾಗ ನಮ್ಮನ್ನೂ ಕೇಳಿರಿ ಎಂದು ಪಟ್ಟುಹಿಡಿದ ಒಂದು ಇತಿಹಾಸವಿದೆ. ನಮ್ಮ ಸಮುದಾಯದಲ್ಲಿ ಅದರ ಬಗ್ಗೆ ಚರ್ಚೆಯೇ ನಡೆದಿಲ್ಲ. ಅದನ್ನು ತಿಳಿದುಕೊಂಡರೆ ಮಗನನ್ನು ಮನೆಯೊಳಗೆ ಬಚ್ಚಿಟ್ಟುಕೊಂಡಿರುವ ಕುಟುಂಬಗಳಿಗೆ ಪ್ರಯೋಜನವಿದೆ ಎಂಬುದು ನಮ್ಮ ಅಭಿಪ್ರಾಯ.

ಮೊದಲು ನಮ್ಮ ದೇಶದ ಅಂಕಿಅಂಶಗಳನ್ನೇ ನೋಡೋಣ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದಿಲ್ಲಿಯ ಏಮ್ಸ್‌ನ ರಾಷ್ಟ್ರೀಯ ಮಾದಕ ವ್ಯಸನ ಚಿಕಿತ್ಸಾ ಕೇಂದ್ರವು ನಡೆಸಿದ ಸಮೀಕ್ಷೆಯ ವರದಿ 2019ರಲ್ಲಿ ಪ್ರಕಟವಾಯಿತು. 10ರಿಂದ 75 ವರ್ಷ ವಯಸ್ಸಿನವರಲ್ಲಿ ಸುಮಾರು 16 ಕೋಟಿ ಜನರು ಮದ್ಯಪಾನ ಮಾಡುತ್ತಾರೆ, ಸುಮಾರು 3.1 ಕೋಟಿ ಜನರು ಗಾಂಜಾ, ಭಂಗಿಯಂತಹವನ್ನು ಬಳಸುತ್ತಾರೆ, ಸುಮಾರು 2.26 ಕೋಟಿ ಜನರು ಅಫೀಮು ಮತ್ತು ಅದರ ಬಳಗದ ಪದಾರ್ಥಗಳನ್ನು ಬಳಸುತ್ತಾರೆ ಎಂದು ಅದು ಅಂದಾಜಿಸಿತು. ಮಾದಕವಸ್ತುವನ್ನು ಚುಚ್ಚಿಕೊಳ್ಳುವವರ ಸಂಖ್ಯೆ ಸುಮಾರು 8.5 ಲಕ್ಷ. ಇಂತಹವರು ಹೆಚ್ಚಾಗಿರುವ ರಾಜ್ಯಗಳ ಪಟ್ಟಿಯಲ್ಲಿ ಪಂಜಾಬ್, ಮಣಿಪುರಗಳ ಜೊತೆ ನಮ್ಮ ಕರ್ನಾಟಕದ ಹೆಸರೂ ಇದೆ. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿತ್ತು. ಉಳಿದ 37 ಮಂದಿ ಎಲ್ಲಿದ್ದಾರೆ? ಮನೆಗಳಲ್ಲಿದ್ದಾರೆ. ನಮ್ಮ ನಿಮ್ಮ ಮನೆಗಳಲ್ಲಿದ್ದಾರೆ.

ಆ ಸಮೀಕ್ಷೆ ನಡೆದ ಬಗೆಯನ್ನು ಸ್ವಲ್ಪ ಗಮನಿಸಿರಿ. ಒಂದು ಭಾಗವು ಮನೆಮನೆಗೆ ಹೋಗಿ ನಡೆಸಿದ್ದು. ಎರಡು ಲಕ್ಷಕ್ಕೂ ಹೆಚ್ಚು ಮನೆಗಳ ಬಾಗಿಲು ತಟ್ಟಲಾಯಿತು. ಆದರೆ ಅಕ್ರಮ ಮಾದಕವಸ್ತುಗಳ ವಿಷಯದಲ್ಲಿ ಬಾಗಿಲು ತಟ್ಟಿದರೆ ಸತ್ಯ ಹೊರಬರುವುದಿಲ್ಲ ಎಂಬುದು ಸಂಶೋಧಕರಿಗೆ ಗೊತ್ತಿತ್ತು. ಹೆಗಲ ಮೇಲೆ ಚೀಲ ಹಾಕಿಕೊಂಡು ಬಂದ ಅಪರಿಚಿತನಿಗೆ ಯಾವ ತಂದೆ ತಾನೇ ತನ್ನ ಮಗನ ಗುಟ್ಟನ್ನು ಬಿಚ್ಚಿಡುತ್ತಾನೆ? ಅದಕ್ಕಾಗಿ ಇನ್ನೊಂದು ವಿಧಾನವನ್ನು ಅನುಸರಿಸಲಾಯಿತು. ವ್ಯಸನಕ್ಕೆ ಸಿಲುಕಿದ ಕೆಲವರನ್ನು ಮೊದಲು ವಿಶ್ವಾಸಕ್ಕೆ ತೆಗೆದುಕೊಂಡು, ಅವರ ಕೈಗೆ ಕೂಪನ್‌ಗಳನ್ನು ಕೊಟ್ಟು, ಅವರ ಮೂಲಕ ಅವರ ಪರಿಚಯದವರನ್ನು, ಆ ಪರಿಚಯದವರ ಮೂಲಕ ಇನ್ನಷ್ಟು ಮಂದಿಯನ್ನು ಕರೆತರುವ ವಿಧಾನವದು. ಹೀಗೆ 72,000ಕ್ಕೂ ಮಿಕ್ಕಿ ಜನರು ಬಂದು ತಮ್ಮ ಸ್ಥಿತಿಯನ್ನು ಹೇಳಿಕೊಂಡರು. ನಾವು ಯಾರನ್ನು ಸುಳ್ಳುಗಾರನೆಂದೂ ಕೆಲಸಕ್ಕೆ ಬಾರದವನೆಂದೂ ದೂರವಿಟ್ಟಿರುವೆವೋ ಅವನ ನೆರವಿಲ್ಲದೆ ಈ ದೇಶಕ್ಕೆ ತನ್ನ ರೋಗದ ಅಳತೆಯೇ ಸಿಗುತ್ತಿರಲಿಲ್ಲ.

ಮಾಹಿತಿ ಇಲ್ಲದಲ್ಲಿ ವದಂತಿ ಬೆಳೆಯುತ್ತದೆ. ಇದು ನಮ್ಮ ಸಮುದಾಯಕ್ಕೆ ಹೊಸ ಪಾಠವೇನೂ ಅಲ್ಲ. 2021ರಲ್ಲಿ ನೆರೆಯ ಕೇರಳದಲ್ಲಿ ಒಬ್ಬ ಧರ್ಮಗುರುವು ಮಾದಕವಸ್ತುವಿನೊಂದಿಗೆ 'ಜಿಹಾದ್' ಎಂಬ ಪದವನ್ನು ಜೋಡಿಸಿ ಮಾತನಾಡಿದಾಗ ಅದು ವಾರಗಟ್ಟಲೆ ಟಿವಿ ಚರ್ಚೆಯ ವಸ್ತುವಾಯಿತು. ಒಂದು ವ್ಯಸನಕ್ಕೆ ಒಂದು ಧರ್ಮದ ಹೆಸರಿಡುವುದು ಎಂತಹ ಅನ್ಯಾಯ! ಆದರೆ ಇಂತಹ ಆರೋಪಕ್ಕೆ ನಮ್ಮ ಪ್ರತಿಕ್ರಿಯೆಯಾದರೂ ಏನು? 'ನಮ್ಮಲ್ಲಿ ಅಂತಹವರು ಯಾರೂ ಇಲ್ಲ' ಎನ್ನುತ್ತೇವೆ. ಇದ್ದಾರೆ. ಎಲ್ಲ ಸಮುದಾಯಗಳಲ್ಲಿಯೂ ಇರುವಂತೆ ನಮ್ಮಲ್ಲಿಯೂ ಇದ್ದಾರೆ. ಇಲ್ಲವೆನ್ನುವ ನಮ್ಮ ಮಾತು ಆರೋಪ ಹೊರಿಸುವವನ ಬಾಯಿಯನ್ನು ಮುಚ್ಚಿಸುವುದಿಲ್ಲ, ನೋವಿನಲ್ಲಿರುವ ನಮ್ಮ ಹುಡುಗನ ಬಾಯಿಯನ್ನು ಮುಚ್ಚಿಸುತ್ತದೆ.

ಈಗ ಇತಿಹಾಸಕ್ಕೆ ಬರೋಣ. ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ 1935ರಲ್ಲಿ ಸರಕಾರವೇ ಒಂದು ಸಂಸ್ಥೆಯನ್ನು ತೆರೆಯಿತು. ಅದು ಅರ್ಧ ಸೆರೆಮನೆ, ಅರ್ಧ ಆಸ್ಪತ್ರೆ. ಅಲ್ಲಿನ ಸಂಶೋಧನಾ ಕೇಂದ್ರದಲ್ಲಿ ವ್ಯಸನಿ ಕೈದಿಗಳ ಮೇಲೆ ದಶಕಗಳ ಕಾಲ ಪ್ರಯೋಗಗಳು ನಡೆದವು. ಪ್ರಯೋಗಕ್ಕೆ ಒಪ್ಪಿದವನಿಗೆ ಸಿಗುತ್ತಿದ್ದ ಪ್ರತಿಫಲವೇನು ಗೊತ್ತೇ? ಅವನು ಯಾವ ವಿಷವನ್ನು ಬಿಡಲೆಂದು ಅಲ್ಲಿಗೆ ಬಂದಿದ್ದನೋ ಅದೇ ವಿಷ! 1970ರ ದಶಕದ ಮಧ್ಯಭಾಗದಲ್ಲಿ ಅಮೆರಿಕದ ಸಂಸತ್ತಿನಲ್ಲಿ ವಿಚಾರಣೆ ನಡೆದ ಬಳಿಕವೇ ಆ ಪದ್ಧತಿ ನಿಂತಿತು. ಅಲ್ಲಿ ವಿಜ್ಞಾನಕ್ಕೆ ಲಾಭವಾಗಲಿಲ್ಲವೆಂದು ನಾವು ಹೇಳುವುದಿಲ್ಲ. ಇಂದು ನಮ್ಮ ದೇಶದ ಸರಕಾರಿ ಕೇಂದ್ರಗಳಲ್ಲಿ ಕೊಡುವ ಬುಪ್ರೆನಾರ್ಫಿನ್ ಎಂಬ ಔಷಧದ ಆರಂಭದ ಪರೀಕ್ಷೆಗಳು ನಡೆದುದು ಅಲ್ಲಿಯೇ. ಆದರೆ ಆ ಕೈದಿಯ ದೇಹ ಮಾತ್ರ ಬೇಕಾಗಿತ್ತು, ಅವನ ಮಾತು ಯಾರಿಗೂ ಬೇಕಾಗಿರಲಿಲ್ಲ.

ಮಾತು ಬೇಕೆಂದು ಮೊದಲು ಒತ್ತಾಯ ಮಾಡಿದ ನಾಡುಗಳಲ್ಲಿ ಹಾಲೆಂಡ್ ಮುಖ್ಯವಾದುದು. ರಾಟರ್‌ಡ್ಯಾಮ್ ನಗರದಲ್ಲಿ ನಿಕೊ ಆಡ್ರಿಯಾನ್ಸ್ ಎಂಬವರು ತನ್ನಂತೆಯೇ ಹೆರಾಯಿನ್‌ಗೆ ಸಿಲುಕಿದವರನ್ನು ಒಟ್ಟುಗೂಡಿಸಿ ಒಂದು ಸಂಘ ಕಟ್ಟಿದರು. ಬೇರೆ ನಗರಗಳಲ್ಲಿಯೂ ಇಂತಹ ಸಂಘಗಳು ಹುಟ್ಟಿಕೊಂಡವು. 1984ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಒಂದು ಔಷಧದಂಗಡಿಯು ವ್ಯಸನಿಗಳಿಗೆ ಸಿರಿಂಜ್ ಮಾರುವುದನ್ನು ನಿಲ್ಲಿಸಿದಾಗ, ಇದರಿಂದ ಹೆಪಟೈಟಿಸ್ ಬಿ ಹರಡುತ್ತದೆ ಎಂದು ಮೊದಲು ಎಚ್ಚರಿಸಿದವರು ಬಳಸುವವರೇ. ಹಳೆಯ ಸೂಜಿ ಕೊಟ್ಟು ಹೊಸದನ್ನು ಪಡೆಯುವ ವ್ಯವಸ್ಥೆಯು ನಗರದ ಆರೋಗ್ಯ ಇಲಾಖೆಯ ನೆರವಿನಿಂದ ಆ ವರ್ಷವೇ ಆರಂಭವಾಯಿತು. ಏಡ್ಸ್‌ನ ಭಯ ಜಗತ್ತನ್ನು ಇನ್ನೂ ಪೂರ್ತಿ ಆವರಿಸುವ ಮೊದಲಿನ ಮಾತಿದು. ಮುಂದೆ ಜಗತ್ತಿನ ನೂರಾರು ನಗರಗಳಲ್ಲಿ ಅದರ ಫಲಿತಾಂಶವನ್ನು ಅಳೆಯಲಾಯಿತು. ದಾರಿ ತೋರಿದವರು ಒಬ್ಬರು, ಅಳೆದವರು ಇನ್ನೊಬ್ಬರು.

ಆದರೆ ನಮಗೆ ಅದಕ್ಕಿಂತ ಮಹತ್ವದ್ದಾಗಿ ಕಾಣುವುದು ಆಡ್ರಿಯಾನ್ಸ್ ಅವರು ಮುಂದೆ ಮಾಡಿದ ಕೆಲಸ. ರಾಟರ್‌ಡ್ಯಾಮ್‌ನ ಎರಾಸ್ಮಸ್ ವಿಶ್ವವಿದ್ಯಾಲಯದ ಸಂಶೋಧಕರು ಅವರನ್ನು ತಮ್ಮ ತಂಡಕ್ಕೆ ಸೇರಿಸಿಕೊಂಡರು. ಜಾನ್-ಪಾಲ್ ಗ್ರುಂಡ್, ಚಾರ್ಲ್ಸ್ ಕಪ್ಲಾನ್ ಮೊದಲಾದವರೊಂದಿಗೆ ಅವರ ಹೆಸರೂ ಸಂಶೋಧನಾ ಪ್ರಬಂಧಗಳ ಮೇಲೆ ಅಚ್ಚಾಯಿತು. ಆ ಕಾಲದ ಸಂಶೋಧಕರೆಲ್ಲ ಎಚ್‌ಐವಿ ಹರಡುವಿಕೆಯನ್ನು ತಿಳಿಯಲು ಕೇಳುತ್ತಿದ್ದುದು ಒಂದೇ ಪ್ರಶ್ನೆ: 'ನೀನು ಇನ್ನೊಬ್ಬನ ಸೂಜಿಯನ್ನು ಬಳಸುತ್ತೀಯಾ?' ಬಹಳ ಮಂದಿ 'ಇಲ್ಲ' ಎನ್ನುತ್ತಿದ್ದರು. ಅದು ಸುಳ್ಳೂ ಆಗಿರಲಿಲ್ಲ. ಹಾಗಿದ್ದರೆ ಸೋಂಕು ಹೇಗೆ ದಾಟುತ್ತಿದೆ? ರಾಟರ್‌ಡ್ಯಾಮ್ ತಂಡವು ಕಚೇರಿಯಲ್ಲಿ ಕುಳಿತು ಪ್ರಶ್ನಾವಳಿ ತುಂಬಿಸದೆ ಅವರು ಸೇರುವ ಸ್ಥಳಗಳಿಗೇ ಹೋಗಿ ನೋಡಿತು. ಹಣವಿಲ್ಲದ ಇಬ್ಬರು ಮೂವರು ಸೇರಿ ಒಂದು ಪೊಟ್ಟಣವನ್ನು ಕೊಳ್ಳುತ್ತಾರೆ. ಅದನ್ನು ಕರಗಿಸಿ, ಒಬ್ಬನ ಸಿರಿಂಜ್‌ನಲ್ಲಿ ಅಳೆದು, ಅಲ್ಲಿಂದ ಇನ್ನೊಬ್ಬನ ಸಿರಿಂಜ್‌ಗೆ ಪಾಲು ಹಾಕುತ್ತಾರೆ. ಸೂಜಿ ಅವರವರದೇ. ಪಾಲಿನೊಂದಿಗೆ ರಕ್ತದ ಅಂಶವೂ ದಾಟಿಬಿಡುತ್ತದೆ! 1991ರಲ್ಲಿ ಈ ಸಂಗತಿಯನ್ನು ಅವರು ಪ್ರಕಟಿಸಿದರು. ಪ್ರಶ್ನೆಯೇ ತಪ್ಪಾಗಿದ್ದರೆ ಲಕ್ಷ ಮಂದಿಯಿಂದ ಉತ್ತರ ಪಡೆದರೂ ಪ್ರಯೋಜನವೇನು? ಸರಿಯಾದ ಪ್ರಶ್ನೆ ಯಾವುದೆಂಬುದು ಆ ಬದುಕನ್ನು ಬಾಳಿದವನಿಗೆ ಗೊತ್ತಿತ್ತು. 

ಷಿಕಾಗೋದಲ್ಲಿ ಡ್ಯಾನ್ ಬಿಗ್ ಮತ್ತು ಸಂಗಡಿಗರು 1996ರ ಹೊತ್ತಿಗೆ ಅಫೀಮಿನ ಬಳಗದ ಪದಾರ್ಥಗಳ ಅತಿಸೇವನೆಯಿಂದ ಉಸಿರು ನಿಲ್ಲುತ್ತಿರುವವನನ್ನು ಉಳಿಸುವ ನಲೋಕ್ಸೋನ್ ಔಷಧವನ್ನು ವೈದ್ಯರ ಕಪಾಟಿನಿಂದ ಹೊರತಂದು ಬಳಸುವವರ ಮತ್ತು ಅವರ ಮನೆಯವರ ಕೈಗೇ ಕೊಡಲಾರಂಭಿಸಿದರು. ಇದು ಅಪಾಯಕಾರಿ ಎಂದವರು ಅನೇಕರು. ಇಂತಹ ವಿತರಣೆ ನಡೆದ ಊರುಗಳಲ್ಲಿ ಸಾವು ಕಡಿಮೆಯಾಗಿದೆ ಎಂದು ಮೆಸಾಚುಸೆಟ್ಸ್ ರಾಜ್ಯದ ಅಧ್ಯಯನವು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದುದು 2013ರಲ್ಲಿ. ಹದಿನೇಳು ವರ್ಷಗಳ ಅಂತರ!

ದೂರದ ದೇಶಗಳ ಈ ಕತೆಗಳಿಂದ ನಮಗೇನು ಎಂದು ಕೆಲವರು ಕೇಳಬಹುದು. ನಮ್ಮ ದೇಶಕ್ಕೇ ಬರೋಣ. ಮಣಿಪುರದಲ್ಲಿ 1989-90ರ ಹೊತ್ತಿಗೆ ಹೆರಾಯಿನ್ ಚುಚ್ಚಿಕೊಳ್ಳುವ ಯುವಕರಲ್ಲಿ ಎಚ್‌ಐವಿ ಭಯಾನಕ ವೇಗದಲ್ಲಿ ಹರಡಿತು. ಸರಕಾರಕ್ಕೆ ತಿಳಿದಿದ್ದ ಮದ್ದು ಸೆರೆಮನೆ ಒಂದೇ. ಮನೆಯವರೇ ಮಕ್ಕಳನ್ನು ಪೊಲೀಸರಿಗೆ ಒಪ್ಪಿಸಿದ ಕಾಲವದು. 1991ರಲ್ಲಿ ಇಂಫಾಲದಲ್ಲಿ ವ್ಯಸನದಿಂದ ಹೊರಬಂದ ಕೆಲವು ಯುವಕರು 'ಸಾಸೋ' ಎಂಬ ಸಂಸ್ಥೆಯನ್ನು ಕಟ್ಟಿದರು. ಗಾಯಗಳಿಗೆ ಪಟ್ಟಿ ಕಟ್ಟುವುದರಿಂದ ಆರಂಭಿಸಿ, ಯಾರು ಎಲ್ಲಿದ್ದಾರೆ, ಏಕೆ ಆಸ್ಪತ್ರೆಗೆ ಹೋಗುವುದಿಲ್ಲ ಎಂಬ ಮಾಹಿತಿಯನ್ನು ಅವರು ಕಲೆಹಾಕಿದರು. ಇಂತಹ ಕೆಲಸದ ಹಿನ್ನೆಲೆಯಲ್ಲಿಯೇ 1996ರಲ್ಲಿ ಮಣಿಪುರವು ಸೆರೆಮನೆಯ ದಾರಿಯನ್ನು ಬಿಟ್ಟು ಹಾನಿಯನ್ನು ತಗ್ಗಿಸುವ ದಾರಿಯನ್ನು ಒಪ್ಪಿದ ಏಡ್ಸ್ ನೀತಿಯನ್ನು ರೂಪಿಸಿತು. ಮುಂದೆ ಆ ರಾಜ್ಯದಲ್ಲಿ 'ಕಮ್ಯುನಿಟಿ ನೆಟ್‌ವರ್ಕ್ ಫಾರ್ ಎಂಪವರ್‌ಮೆಂಟ್' ಎಂಬ ಬಳಕೆದಾರರ ಒಕ್ಕೂಟವು ಹೆಪಟೈಟಿಸ್ ಸಿ ರೋಗದ ವಿರುದ್ಧ ಹೋರಾಟಕ್ಕಿಳಿಯಿತು.

ಈ ಹೆಪಟೈಟಿಸ್ ಸಿ ಬಗ್ಗೆ ಎರಡು ಮಾತು ಹೇಳಲೇಬೇಕು. ಸದ್ದಿಲ್ಲದೆ ಹತ್ತಿಪ್ಪತ್ತು ವರ್ಷ ದೇಹದಲ್ಲಿದ್ದು ಯಕೃತ್ತನ್ನು ತಿನ್ನುವ ರೋಗವಿದು. ರಕ್ತದಿಂದ ರಕ್ತಕ್ಕೆ ದಾಟುತ್ತದೆ. 1997ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರು, ಮಾದಕವಸ್ತು ಬಳಸುತ್ತಿರುವವರಿಗೆ ಇದರ ಚಿಕಿತ್ಸೆ ಕೊಡಬಾರದು, ಅವರು ಮೊದಲು ಆರು ತಿಂಗಳು ಬಿಟ್ಟಿರಬೇಕು ಎಂದು ಹೇಳಿದ್ದರು. 'ಅವರು ಸರಿಯಾಗಿ ಔಷಧ ತೆಗೆದುಕೊಳ್ಳುವವರಲ್ಲ' ಎಂಬುದು ನಂಬಿಕೆಯಾಗಿತ್ತು. ಆದುದರಿಂದ ಔಷಧ ಪರೀಕ್ಷೆಗಳಿಂದಲೂ ಅವರನ್ನು ಹೊರಗಿಡಲಾಯಿತು. ರೋಗ ಹೆಚ್ಚಾಗಿರುವವರನ್ನೇ ಪರೀಕ್ಷೆಯಿಂದ ಹೊರಗಿಟ್ಟು, ಬಳಿಕ 'ಅವರಿಗೆ ಈ ಔಷಧ ಹಿಡಿಸುತ್ತದೆ ಎಂಬುದಕ್ಕೆ ಪುರಾವೆಯಿಲ್ಲ' ಎನ್ನುವ ತರ್ಕವನ್ನು ನೋಡಿರಿ! ಬಳಕೆದಾರರ ಸಂಘಟನೆಗಳು ಇದನ್ನು ಪ್ರಶ್ನಿಸುತ್ತಲೇ ಬಂದವು. 2002ರಲ್ಲಿ ಆ ನಿಷೇಧ ಸಡಿಲವಾಯಿತು. ಹೊಸ ಮಾತ್ರೆಗಳು ಬಂದ ಮೇಲೆ, ಇತ್ತೀಚಿನವರೆಗೂ ಚುಚ್ಚಿಕೊಳ್ಳುತ್ತಿದ್ದ 103 ಮಂದಿಯನ್ನೇ ಆರಿಸಿಕೊಂಡು ಹಲವು ದೇಶಗಳಲ್ಲಿ ನಡೆಸಿದ ಪರೀಕ್ಷೆಯ ಫಲಿತಾಂಶ 2018ರಲ್ಲಿ ಹೊರಬಂತು. ಅವರಲ್ಲಿ ಶೇಕಡ 94 ಮಂದಿ ರೋಗಮುಕ್ತರಾಗಿದ್ದರು. ದಶಕಗಳ ನಂಬಿಕೆಯೊಂದು ಒಂದೇ ಅಧ್ಯಯನದ ಮುಂದೆ ನಿಲ್ಲಲಾರದೆ ಹೋಯಿತು.

ಭಾರತದಲ್ಲಿ ಇದೇ ರೋಗದ ಔಷಧಕ್ಕೆ ಸಂಬಂಧಿಸಿದ ಒಂದು ಕಾನೂನು ಹೋರಾಟ ನಡೆದಿದೆ. ರೋಶ್ ಎಂಬ ಬಹುರಾಷ್ಟ್ರೀಯ ಕಂಪೆನಿಯ ಪೆಗಾಸಿಸ್ ಎಂಬ ಚುಚ್ಚುಮದ್ದಿಗೆ 2006ರಲ್ಲಿ ನಮ್ಮ ದೇಶದಲ್ಲಿ ಪೇಟೆಂಟ್ ದೊರೆಯಿತು. ಪೇಟೆಂಟ್ ಎಂದರೆ ಇಪ್ಪತ್ತು ವರ್ಷಗಳ ಏಕಸ್ವಾಮ್ಯ. ಚಿಕಿತ್ಸೆಯ ವೆಚ್ಚ ಲಕ್ಷಗಟ್ಟಲೆ. ಮುಂಬೈಯ ಬೀದಿಗಳಲ್ಲಿ ಮಾದಕವಸ್ತು ಬಳಸುವವರ ನಡುವೆ ಕೆಲಸ ಮಾಡುತ್ತಿದ್ದ ಸಂಕಲ್ಪ್ ಪುನರ್ವಸತಿ ಟ್ರಸ್ಟ್ ಈ ಪೇಟೆಂಟನ್ನು ಪ್ರಶ್ನಿಸಿತು. 2009ರಲ್ಲಿ ಪೇಟೆಂಟ್ ಕಚೇರಿಯು ಅರ್ಜಿಯನ್ನು ತಳ್ಳಿಹಾಕಿತು. ಟ್ರಸ್ಟ್ ಮೇಲ್ಮನವಿ ಸಲ್ಲಿಸಿತು. ಕಂಪೆನಿಯ ವಾದಗಳಲ್ಲೊಂದು ನೀವು ಕೇಳಬೇಕಾದದ್ದು: ಈ ಟ್ರಸ್ಟ್ ಔಷಧ ತಯಾರಿಸುವುದೂ ಇಲ್ಲ, ಸಂಶೋಧನೆ ನಡೆಸುವುದೂ ಇಲ್ಲ, ಇದಕ್ಕೂ ಈ ವಿಷಯಕ್ಕೂ ಏನು ಸಂಬಂಧ? ಅಂದಿನ ಬೌದ್ಧಿಕ ಆಸ್ತಿ ಮೇಲ್ಮನವಿ ಮಂಡಳಿಯು ಈ ವಾದವನ್ನು ಒಪ್ಪಲಿಲ್ಲ. ರೋಗಿಗಳ ಪರವಾಗಿ ಕೆಲಸ ಮಾಡುವ ಸಂಸ್ಥೆಗೆ ಔಷಧದ ವಿಷಯದಲ್ಲಿ ನಿಜವಾದ ಹಿತಾಸಕ್ತಿಯಿದೆ ಎಂದು ಅದು ಒಪ್ಪಿಕೊಂಡಿತು ಮತ್ತು 2012ರ ನವೆಂಬರ್‌ನಲ್ಲಿ ಪೇಟೆಂಟನ್ನೇ ರದ್ದುಪಡಿಸಿತು. ಬೀದಿ ಬದಿಯ ವ್ಯಸನಿಯ ಪರವಾಗಿ ನಿಂತ ಒಂದು ಸಣ್ಣ ಟ್ರಸ್ಟ್ ಜಗತ್ತಿನ ದೊಡ್ಡ ಔಷಧ ಕಂಪೆನಿಗಳಲ್ಲೊಂದನ್ನು ಸೋಲಿಸಿದ ಸುದ್ದಿ ನಮ್ಮ ಕನ್ನಡ ಪತ್ರಿಕೆಗಳಲ್ಲಿ ಎಷ್ಟು ಅಂಗುಲ ಜಾಗ ಪಡೆಯಿತೋ, ನಮಗಂತೂ ಕಾಣಲಿಲ್ಲ. 2018ರ ಜುಲೈ 28ರಂದು ಕೇಂದ್ರ ಸರಕಾರವು ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿತು. ಅದರಡಿ ತಪಾಸಣೆಯೂ ಮಾತ್ರೆಗಳೂ ಉಚಿತ. ಹಲವು ವರ್ಷಗಳ ಹಿಂದೆ ಒಮ್ಮೆಯಾದರೂ ಸೂಜಿ ಹಂಚಿಕೊಂಡಿದ್ದವನು, ಈಗ ಅದನ್ನು ಪೂರ್ತಿ ಬಿಟ್ಟು ಅಂಗಡಿ ನಡೆಸುತ್ತಿರುವವನು ಕೂಡಾ ಈ ತಪಾಸಣೆ ಮಾಡಿಸಿಕೊಳ್ಳಬೇಕು. ಇದನ್ನು ನಿಮ್ಮ ಮನೆಗಳಲ್ಲಿ ಹೇಳಿರಿ.

ಕರ್ನಾಟಕದ ಉದಾಹರಣೆಯೂ ಇದೆ. ಮಾದಕವಸ್ತುವಿನದ್ದಲ್ಲವಾದರೂ ಅದಕ್ಕೆ ಹತ್ತಿರದ್ದು. ಮೈಸೂರಿನಲ್ಲಿ 2004ರಲ್ಲಿ ಆರಂಭವಾದ ಆಶೋದಯ ಸಮಿತಿಯು ಲೈಂಗಿಕ ವೃತ್ತಿಯಲ್ಲಿರುವವರ ಸಂಘಟನೆ. ಈ ಹೆಸರು ಕೇಳಿ ಕೆಲವರಿಗೆ ಮುಜುಗರವಾಗಬಹುದು, ಆಗಲಿ. ಎಚ್‌ಐವಿ ತಡೆಯ ಕಾರ್ಯದಲ್ಲಿ ಅವರು ಕೇವಲ ಎಣಿಕೆಗೆ ಸಿಗುವ ತಲೆಗಳಾಗಿ ಉಳಿಯಲಿಲ್ಲ. ನಗರದ ನಕ್ಷೆಯನ್ನು ಅವರೇ ರೂಪಿಸಿದರು, ಸಂಶೋಧಕರೊಂದಿಗೆ ಕುಳಿತು ಪ್ರಶ್ನೆಗಳನ್ನು ತಿದ್ದಿದರು. ಸೋಂಕು ತಡೆಯುವ ಮಾತ್ರೆಯ ಪ್ರಾಯೋಗಿಕ ಅಧ್ಯಯನವು ಆಶೋದಯದ ಮೂಲಕ ನಡೆಯುವ ಮೊದಲು ಅದು ತಮಗೆ ಬೇಕೇ ಬೇಡವೇ ಎಂದು ಸಮುದಾಯದೊಳಗೇ ಚರ್ಚಿಸಿದರು. ಇದಕ್ಕೆ ವ್ಯತಿರಿಕ್ತವಾಗಿ ನಮ್ಮ ನೆರೆಯ ಬಳ್ಳಾರಿಯನ್ನು ನೋಡಿರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಯನ್ನು ಪ್ರಯೋಗಿಸಿತು. ಅದೇ ಮುಂದೆ 1996ರಲ್ಲಿ ದೇಶದ ಮಾದರಿಯಾಯಿತು. ನಿಜಕ್ಕೂ ಹೆಮ್ಮೆಯ ವಿಷಯ. ಆದರೆ ಅದು ವೈದ್ಯರು ರೂಪಿಸಿ ರೋಗಿಗೆ ತಲುಪಿಸಿದ ಯೋಜನೆಯಾಗಿತ್ತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಬರಬೇಕಾದುದೇ. ಅಮಲು ಪದಾರ್ಥವು ಹರಾಮ್ ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಹೀಗಿರುವಾಗ ಅದನ್ನು ಸೇವಿಸುವವನ ಸಂಘ, ಅವನ ಹಕ್ಕು, ಅವನ ಅಭಿಪ್ರಾಯ ಎಂದೆಲ್ಲ ಮಾತನಾಡುವುದು ಪಾಪಕ್ಕೆ ಮಾನ್ಯತೆ ಕೊಟ್ಟಂತಾಗುವುದಿಲ್ಲವೇ? ಸಹೀಹ್ ಬುಖಾರಿಯಲ್ಲಿ ವರದಿಯಾಗಿರುವ ಒಂದು ಘಟನೆಯನ್ನು ನೆನಪಿಸಿಕೊಳ್ಳೋಣ. ಮದ್ಯಪಾನಕ್ಕಾಗಿ ಪದೇ ಪದೇ ಶಿಕ್ಷೆಗೊಳಗಾದ ಒಬ್ಬ ವ್ಯಕ್ತಿಯಿದ್ದರು. ಮತ್ತೊಮ್ಮೆ ಅವರನ್ನು ಕರೆತಂದಾಗ ಅಲ್ಲಿದ್ದ ಒಬ್ಬರು ಅವರನ್ನು ಶಪಿಸಿದರು. ಪ್ರವಾದಿ(ಸ)ಯವರು ಶಪಿಸಿದವರನ್ನು ತಡೆದರು. ಆ ವ್ಯಕ್ತಿಗೆ ಅಲ್ಲಾಹನ ಮತ್ತು ಅವನ ಸಂದೇಶವಾಹಕರ ಮೇಲೆ ಪ್ರೀತಿಯಿದೆ ಎಂಬುದಕ್ಕೆ ಸ್ವತಃ ಸಾಕ್ಷಿ ನುಡಿದರು. ಕೃತ್ಯವು ತಪ್ಪೆಂಬುದು ಬದಲಾಗಲಿಲ್ಲ. ಆದರೆ ಆತ ಸಮುದಾಯದ ಸದಸ್ಯನಾಗಿಯೇ ಉಳಿದ. ನಾವು ಮಾಡುವುದು ಇದಕ್ಕೆ ತದ್ವಿರುದ್ಧ. ಕೃತ್ಯದ ಬಗ್ಗೆ ಮೌನ, ಮನುಷ್ಯನಿಗೆ ಬಹಿಷ್ಕಾರ.

ಬಳಕೆದಾರರ ಸಂಘಟನೆಗಳು ಹೇಳಿದ್ದೆಲ್ಲವನ್ನೂ ಒಪ್ಪಬೇಕೆಂದು ಇದರ ಅರ್ಥವಲ್ಲ. ಅವುಗಳಲ್ಲಿ ಹಲವು ಬಳಕೆಯನ್ನು ಅಪರಾಧವಲ್ಲವೆಂದು ಸಾರಬೇಕೆಂದು ಕೇಳುತ್ತವೆ. ಕೆಲವು, ಬಳಕೆಯು ವ್ಯಕ್ತಿಯ ಹಕ್ಕು ಎಂದೂ ವಾದಿಸುತ್ತವೆ. ಆ ವಾದ ನಮ್ಮದಲ್ಲ. ಅನುಭವ ಉಳ್ಳವನು ಹೇಳಿದ್ದೆಲ್ಲ ಸತ್ಯವಾಗಿಬಿಡುವುದೂ ಇಲ್ಲ. ಹಾಗಿದ್ದರೆ ಸಂಶೋಧನೆಯ ಅಗತ್ಯವೇ ಇರುತ್ತಿರಲಿಲ್ಲ. ರೋಗಿಯು ಪ್ರಶ್ನೆಯನ್ನು ಕೊಡಬಲ್ಲ, ಉತ್ತರವನ್ನು ತೂಗಿ ನೋಡಲು ವಿಜ್ಞಾನ ಬೇಕು. ನಾವು ಹೇಳುತ್ತಿರುವುದು ಇಷ್ಟೇ: ಅವನನ್ನು ಕೇಳದೆ ಅವನ ಬಗ್ಗೆ ಬರೆದ ಪ್ರಶ್ನಾವಳಿ ಅರ್ಧ ಕುರುಡಾಗಿರುತ್ತದೆ.

ಇನ್ನು ನಮ್ಮ ಜಿಲ್ಲೆಯ ಮಾತು. ಚಿತ್ರದುರ್ಗದಲ್ಲಿ ಬಸವೇಶ್ವರ ವೈದ್ಯಕೀಯ ಕಾಲೇಜು ಬಹಳ ವರ್ಷಗಳಿಂದ ಇದೆ. ಈಚೆಗೆ ಸರಕಾರಿ ವೈದ್ಯಕೀಯ ಕಾಲೇಜೂ ಬಂದಿದೆ. ವೈದ್ಯಕೀಯ ಕಾಲೇಜು ಇದ್ದಲ್ಲಿ ಅಧ್ಯಯನಗಳು ನಡೆಯುತ್ತವೆ, ವಿದ್ಯಾರ್ಥಿಗಳು ಕೈಯಲ್ಲಿ ನಮೂನೆ ಹಿಡಿದು ಬಡಾವಣೆಗಳಿಗೆ ಬರುತ್ತಾರೆ. ಇಂದು ಚಿತ್ರದುರ್ಗಕ್ಕೆ ಬಂದವರು ನಾಳೆ ಹಿರಿಯೂರಿಗೂ ಹೊಸದುರ್ಗಕ್ಕೂ ಹೊಳಲ್ಕೆರೆಗೂ ಬರುತ್ತಾರೆ. ಅವರು ಬಂದಾಗ ನಾವು ಬಾಗಿಲು ಮುಚ್ಚುತ್ತೇವೆ, ಇಲ್ಲವೇ ಏನೂ ಕೇಳದೆ ಸಹಿ ಹಾಕಿಬಿಡುತ್ತೇವೆ. ಎರಡೂ ಸರಿಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಮನುಷ್ಯರ ಮೇಲಿನ ಪ್ರತಿಯೊಂದು ಅಧ್ಯಯನಕ್ಕೂ ನೈತಿಕತಾ ಸಮಿತಿಯ ಒಪ್ಪಿಗೆ ಬೇಕು. ಆ ಸಮಿತಿಯ ಅಧ್ಯಕ್ಷರು ಆ ಸಂಸ್ಥೆಯ ಹೊರಗಿನವರಾಗಿರಬೇಕು. ಅದರಲ್ಲಿ ಒಬ್ಬ ಕಾನೂನು ತಜ್ಞರಿರಬೇಕು, ವೈದ್ಯಕೀಯ ಹಿನ್ನೆಲೆಯಿಲ್ಲದ ಒಬ್ಬ ಸಾಮಾನ್ಯ ನಾಗರಿಕರಿರಬೇಕು. ಸಮಾಜಶಾಸ್ತ್ರಜ್ಞರ ಸ್ಥಾನದಲ್ಲಿ ಧರ್ಮಶಾಸ್ತ್ರಜ್ಞರೂ ಇರಬಹುದು ಎಂದು ಆ ಮಾರ್ಗಸೂಚಿಯೇ ಹೇಳುತ್ತದೆ. ನಮ್ಮ ಆಲಿಮರಲ್ಲಿ ಎಷ್ಟು ಮಂದಿಗೆ ಇದು ಗೊತ್ತಿದೆ? ಅಧ್ಯಯನಕ್ಕೊಳಗಾಗುವ ಜನರದೇ ಒಂದು ಸಲಹಾ ಮಂಡಳಿಯನ್ನು ರಚಿಸಿಕೊಳ್ಳುವುದಕ್ಕೂ ಅದರಲ್ಲಿ ಅವಕಾಶವಿದೆ. ನಾಲ್ಕು ಊರುಗಳ ಜಮಾಅತ್‌ಗಳು ಮನಸ್ಸು ಮಾಡಿದರೆ, ವ್ಯಸನದಿಂದ ಹೊರಬಂದ ನಾಲ್ಕಾರು ಯುವಕರನ್ನೂ ಇಬ್ಬರು ಮೂವರು ತಾಯಂದಿರನ್ನೂ ಇಂತಹ ಮಂಡಳಿಗೆ ಸೂಚಿಸುವುದು ಅಸಾಧ್ಯವೇನಲ್ಲ.

ತಾಯಂದಿರ ಹೆಸರನ್ನು ನಾವು ಸುಮ್ಮನೆ ಸೇರಿಸಿಲ್ಲ. ಮಗನ ನಿದ್ದೆ ಯಾವಾಗ ಕೆಟ್ಟಿತು, ಮನೆಯ ಯಾವ ಸಾಮಾನು ಮೊದಲು ಕಾಣೆಯಾಯಿತು, ಯಾವ ಮಾತ್ರೆಯ ಖಾಲಿ ಪಟ್ಟಿ ಜೇಬಿನಲ್ಲಿ ಸಿಕ್ಕಿತು, ಎಷ್ಟು ಸಲ ಬಿಟ್ಟು ಎಷ್ಟು ಸಲ ಮರಳಿದ, ಪ್ರತಿ ಸಲ ಮರಳುವ ಮೊದಲು ಮನೆಯಲ್ಲಿ ಏನಾಗಿತ್ತು ಎಂಬುದೆಲ್ಲ ಅವರಿಗೆ ಬಾಯಿಪಾಠ. ಯಾವ ಪ್ರಶ್ನಾವಳಿಯಲ್ಲಿಯೂ ಇದಕ್ಕೆ ಜಾಗವಿಲ್ಲ. ಸ್ವತಃ ವ್ಯಸನಕ್ಕೆ ಸಿಲುಕಿದ ಹೆಣ್ಣುಮಕ್ಕಳ ವಿಷಯವಂತೂ ಇನ್ನೂ ಕತ್ತಲೆಯಲ್ಲಿದೆ. ನಿದ್ರೆ ಮಾತ್ರೆಗೆ ಒಗ್ಗಿಕೊಂಡ ಗೃಹಿಣಿಯನ್ನು ಯಾರೂ ವ್ಯಸನಿಯೆಂದು ಎಣಿಸುವುದಿಲ್ಲ, ಆದುದರಿಂದ ಅವಳಿಗೆ ಚಿಕಿತ್ಸೆಯೂ ಇಲ್ಲ.

ಕಾನೂನಿನ ಭಯದಿಂದ ಬಾಯಿ ಬಿಡದವರಿಗೆ ಒಂದೆರಡು ವಿಷಯ. 1985ರ ಎನ್‌ಡಿಪಿಎಸ್ ಕಾಯಿದೆಯು ಕಠಿಣವಾದುದು ನಿಜ. ಆದರೆ ಅದರ 64ಎ ಸೆಕ್ಷನ್ ಪ್ರಕಾರ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿಯು ಸ್ವ ಇಚ್ಛೆಯಿಂದ ಸರಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಮುಂದಾದರೆ ಅವನಿಗೆ ಶಿಕ್ಷೆಯಿಂದ ರಕ್ಷಣೆಯಿದೆ. ಚಿಕಿತ್ಸೆಯನ್ನು ಪೂರ್ತಿಗೊಳಿಸಬೇಕೆಂಬುದು ಷರತ್ತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಮದ್ಯ ಮತ್ತು ಮಾದಕವಸ್ತುಗಳ ದುರ್ಬಳಕೆಯಿಂದ ಉಂಟಾಗುವ ಮಾನಸಿಕ ಸ್ಥಿತಿಯನ್ನೂ ತನ್ನ ವ್ಯಾಪ್ತಿಗೆ ತಂದಿದೆ. ರೋಗಿಯನ್ನು ಸರಪಳಿಯಿಂದ ಕಟ್ಟುವುದನ್ನು ಅದು ಯಾವ ರೀತಿಯಲ್ಲಿಯೂ ಒಪ್ಪುವುದಿಲ್ಲ. 'ಒಳ್ಳೆಯ ಕೇಂದ್ರ, ಹುಡುಗ ಓಡಿಹೋಗದಂತೆ ನೋಡಿಕೊಳ್ಳುತ್ತಾರೆ' ಎಂದು ಕೇಳಿ ದೂರದ ಊರಿಗೆ ಮಗನನ್ನು ಸೇರಿಸಿ ಬಂದ ಕುಟುಂಬಗಳು, ಅಲ್ಲಿ ಹೇಗೆ ನೋ‌ಡಿಕೊಂಡರು ಎಂಬುದನ್ನು ಮಗನಿಂದ ಕೇಳಿದ್ದಾರೆಯೇ? ಅದೇ ಕಾಯಿದೆಯಡಿ ರಚನೆಯಾಗಬೇಕಾದ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗಳಲ್ಲಿ ರೋಗದ ಅನುಭವವುಳ್ಳವರು, ಆರೈಕೆ ಮಾಡುವವರು ಅಥವಾ ಅವರ ಸಂಘಟನೆಗಳ ಪರವಾಗಿ ಇಬ್ಬರು ಸದಸ್ಯರಿಗೆ ಸ್ಥಾನವಿದೆ. ಸಂಶೋಧನೆಗೂ ರೋಗಿಯ ಮುಕ್ತ ಸಮ್ಮತಿ ಕಡ್ಡಾಯ.

ಆದುದರಿಂದ ನಮೂನೆ ಹಿಡಿದವರು ಬಾಗಿಲಿಗೆ ಬಂದಾಗ ಒಳಗೆ ಕರೆದು ಚಹಾ ಕೊಡಿರಿ ಮತ್ತು ಕೇಳಿರಿ. ಈ ಅಧ್ಯಯನಕ್ಕೆ ನೈತಿಕತಾ ಸಮಿತಿಯ ಒಪ್ಪಿಗೆ ಇದೆಯೇ? ಮಗನ ಹೆಸರು ಎಲ್ಲಿ ದಾಖಲಾಗುತ್ತದೆ, ಯಾರ ಕೈಗೆ ಹೋಗುತ್ತದೆ? ಮಧ್ಯದಲ್ಲಿ ಬೇಡವೆನಿಸಿದರೆ ಹಿಂದೆ ಸರಿಯಬಹುದೇ? ಸರಿದರೆ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ತೊಂದರೆಯಾಗುತ್ತದೆಯೇ? ಪ್ರಶ್ನೆಗಳನ್ನು ಸಿದ್ಧಪಡಿಸುವಾಗ ಈ ರೋಗವನ್ನು ಅನುಭವಿಸಿದ ಯಾರನ್ನಾದರೂ ಕೇಳಿದ್ದೀರಾ? ಫಲಿತಾಂಶವನ್ನು ನಮ್ಮ ಊರಿಗೆ ಬಂದು ಕನ್ನಡದಲ್ಲಿಯೋ ಉರ್ದುವಿನಲ್ಲಿಯೋ ಹೇಳುತ್ತೀರಾ? ಒಳ್ಳೆಯ ಸಂಶೋಧಕರು ಈ ಪ್ರಶ್ನೆಗಳಿಂದ ಬೇಸರಗೊಳ್ಳುವುದಿಲ್ಲ. ಬೇಸರಗೊಂಡವರಿಗೆ ಚಹಾ ಕುಡಿಸಿ ಕಳುಹಿಸಿಕೊಟ್ಟರಾಯಿತು.

ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14446. ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಂಖ್ಯೆ 14416, ಇದರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಎರಡೂ ಉಚಿತ. ಬರೆದುಕೊಳ್ಳಿರಿ.

ಈಗ ಪ್ರಶ್ನೆಗಳಿಗೆ ಸಮಯವಿದೆ. ಎದ್ದು ನಿಂತು ಕೇಳಲು ಸಂಕೋಚವಿರುವವರು ಚೀಟಿಯಲ್ಲಿ ಬರೆದು ಕಳುಹಿಸಿರಿ, ಹೆಸರು ಬೇಡ, ಊರಿನ ಹೆಸರೂ ಬೇಡ. ಮಹಿಳೆಯರ ಕಡೆಯಿಂದ ಬಂದ ಚೀಟಿಗಳನ್ನು ಮೊದಲು ಓದುತ್ತೇವೆ.